ಸಾಧು ಮಾಡಿದ ಹುಳ

ಕಿಟಕಿಯ ಗಾಜು ಮತ್ತೆ ಗಡಗಡಿಸಿತು, ಇನ್ನೊಂದು ವಿಮಾನ ಇಳಿಯುತ್ತಿದೆ, ಚಕ್ರ ಬಿಟ್ಟುಕೊಂಡು, ಮಂಚದಲ್ಲಿ ಮಲಗಿದವನಿಗೂ ಹೊಟ್ಟೆ ಕಾಣುವಷ್ಟು ಕೆಳಗೆ, ಒಳಗೆ ಕೂತವರಲ್ಲಿ ಒಬ್ಬನಿಗಾದರೂ ಈಗ ಹೀಗೇ ಒಂದಕ್ಕೆ ಅವಸರವಾಗಿರುತ್ತದೆ, ಬೆಲ್ಟು ಬಿಚ್ಚುವ ಹಾಗಿಲ್ಲ, ಏಳುವ ಹಾಗಿಲ್ಲ, ಕಾಲು ಬಿಗಿದುಕೊಂಡು ಕೂತಿರುತ್ತಾನೆ, ಆದರೆ ಅವನಿಗೆ ಹತ್ತು ನಿಮಿಷ, ತನಗೆ ಎರಡು ಗಂಟೆ, ಎರಡು ಗಂಟೆಯಲ್ಲಿ ಇನ್ನೂ ಎಂಟು ನಿಮಿಷವೂ ಕಳೆದಿಲ್ಲ ಎಂದು ಭೀಮರಾಜ್ ಎಣಿಸಿದ, ಎಣಿಸಬಾರದು, ಎಣಿಸಿದಷ್ಟೂ ಒತ್ತುತ್ತದೆ, ಬೇರೆ ಏನಾದರೂ ನೋಡಬೇಕು, ಗೋಡೆ ನೋಡಬೇಕು, ಗೋಡೆಯ ಮೇಲೆ ಪೋಲಿಯೊ ಹನಿ ಕುಡಿಯುವ ಮಗು, ಅದಕ್ಕೂ ಬಾಯಿ ತುಂಬ ನೀರು — ಬೇಡ, ಅದೂ ಬೇಡ. ಪಕ್ಕದ ಮಂಚ ಖಾಲಿ, ಒಗೆದ ಹಸಿರು ಹಾಸು ಹಾಸಿದೆ, ದಿಂಬು ಇದೆ, ಅದು ಯಾರಿಗೆ ಹಾಸಿದ್ದು ಎಂದು ಅವನಿಗೆ ಗೊತ್ತು, ಆದ್ದರಿಂದ ಆ ಕಡೆಯೂ ನೋಡುವ ಹಾಗಿಲ್ಲ. ಶಾಮಲಾ ಸಿಸ್ಟರ್ ಗೌನು ತೊಟ್ಟು, ಮೂಗು ಬಾಯಿ ಮುಚ್ಚಿಕೊಂಡು, ಎರಡೆರಡು ಕೈಗವಸು ಹಾಕಿಕೊಂಡು ಬಂದಿದ್ದಳು, ತೆಳ್ಳನೆ ಟ್ಯೂಬಿನಲ್ಲಿ ಆ ಮಬ್ಬು ನೀರನ್ನು ಅವನ ಮೂತ್ರಕೋಶದೊಳಗೆ ಮೆಲ್ಲಗೆ ಬಿಟ್ಟು ಟ್ಯೂಬು ಎಳೆದುಕೊಂಡಳು, ಎರಡು ಗಂಟೆ ಹಿಡ್ಕೋಬೇಕು ಭೀಮರಾಜಣ್ಣ, ಹದಿನೈದು ನಿಮಿಷಕ್ಕೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಬಲಕ್ಕೆ, ಅಂಗಾತ, ಎಡಕ್ಕೆ, ಬೋರಲು, ಗೊತ್ತಲ್ಲ, ಎಲ್ಲಾ ಗೋಡೆಗೂ ತಾಗ್ಬೇಕು. ಗೊತ್ತು, ಇದು ಐದನೇ ಮಂಗಳವಾರ, ಪಾತ್ರೆ ತೊಳೆಯುವಾಗ ನೀರು ಸುತ್ತ ತಿರುಗಿಸುತ್ತಾರಲ್ಲ ಹಾಗೆ ತನ್ನನ್ನು ತಾನೇ ತಿರುಗಿಸಬೇಕು, ಒಳಗೆ ಕೋಟಿಗಟ್ಟಲೆ ಜೀವಂತ ಹುಳ, ಕಣ್ಣಿಗೆ ಕಾಣದವು, ಹಸಿದು ಬಂದವು, ಅವು ಗೋಡೆ ಹಿಡಿಯುವವರೆಗೆ ಕಾಯಬೇಕು, ಹಿಡೀರಪ್ಪ, ಬೇಗ ಹಿಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ.

ಮೊದಲ ದಿನ ಡಾಕ್ಟರ್ ದೇವೇಂದ್ರ ಹೇಳಿದ್ದನ್ನು ಅವನು ಎಷ್ಟು ಸಲ ನೆನೆದಿದ್ದಾನೋ, ಬೆಂಗಳೂರಿನಿಂದ ವಾರಕ್ಕೊಮ್ಮೆ ದೇವನಹಳ್ಳಿಗೆ ಬರುವ ಡಾಕ್ಟರು, ಮೇಜಿನ ಮೇಲೆ ಹಾಳೆ ಇಟ್ಟು ಬದನೆಕಾಯಿಯ ಹಾಗೆ ಒಂದು ಚೀಲ ಬರೆದು ಒಳಗೆ ಹೂಕೋಸಿನ ಹಾಗೆ ಒಂದು ಗಡ್ಡೆ ಬರೆದರು, ಇದನ್ನ ಕೆರೆದು ತೆಗೆದಿದೀನಿ, ಆದ್ರೆ ಇದರ ಬೇರು ಕೆಟ್ಟದು, ಮತ್ತೆ ಬರುತ್ತೆ, ನಿಮ್ಮ ಮೈಯೊಳಗೆ ಕಾವಲಿಗೆ ಜನ ಇದಾರೆ ಭೀಮರಾಜ್, ಗಡ್ಡೆ ಮನೆಯೋರ ವೇಷ ಹಾಕ್ಕೊಂಡು ಕೂತಿರುತ್ತೆ, ಅವರಿಗೆ ಗುರುತು ಸಿಗಲ್ಲ, ಅದಕ್ಕೇ ನಾವು ಹುಳ ಬಿಡೋದು, ಹುಳ ಹೋಗಿ ಗಡ್ಡೆ ಇರೋ ಜಾಗದಲ್ಲೇ ಗಲಾಟೆ ಎಬ್ಬಿಸುತ್ತೆ, ಗಲಾಟೆ ಕೇಳಿ ಕಾವಲಿನೋರು ಓಡಿ ಬರ್ತಾರೆ, ಹುಳಾನೂ ಹೊಡೀತಾರೆ, ಪಕ್ಕದಲ್ಲಿ ಕೂತಿರೋ ಗಡ್ಡೇನೂ ಹೊಡೀತಾರೆ. ಯಾವ ಹುಳ ಸ್ವಾಮಿ ಎಂದು ಕೇಳಿದ್ದ. ಕ್ಷಯದ್ದು, ಅಂದರೆ ಕ್ಷಯದ್ದೇ ಅಲ್ಲ, ಹಸುವಿಗೆ ಬರೋ ಕ್ಷಯದ ಹುಳ, ಅದನ್ನ ವರ್ಷಗಟ್ಟಲೆ ಪಳಗಿಸಿ ಸಾಧು ಮಾಡಿದಾರೆ, ಮಕ್ಕಳಿಗೆ ತೋಳಿಗೆ ಚುಚ್ಚಲ್ವಾ, ಅದೇ. ಕ್ಷಯ ಎಂದ ಕೂಡಲೆ ಪಕ್ಕದಲ್ಲಿ ಕೂತಿದ್ದ ಪ್ರಮೋದಾ ಗಂಡನ ಮುಖ ನೋಡಿದಳು, ಇವರಮ್ಮ ಅದರಲ್ಲೇ ಹೋಗಿದ್ದು ಸಾರ್ ಎಂದಳು, ಅವನು ಅವಳ ಕಾಲು ತುಳಿದ, ಅದನ್ನೆಲ್ಲ ಯಾಕೆ ಹೇಳಬೇಕು, ಹೇಳಿದರೆ ನಿಮಗಾಗಲ್ಲ ಅಂದುಬಿಟ್ಟರೆ, ಅಂದುಬಿಟ್ಟರೆ ಉಳಿಯುವುದು ಚೀಲವನ್ನೇ ಕತ್ತರಿಸಿ ತೆಗೆಯುವುದು, ಹೊಸಕೋಟೆಯ ಬಸ್ ಡ್ರೈವರ್ ಪಿಳ್ಳಣ್ಣನಿಗೆ ತೆಗೆದ ಹಾಗೆ. ಪಿಳ್ಳಣ್ಣ ಇದೇ ಆಸ್ಪತ್ರೆಯ ಬೆಂಚಿನಲ್ಲಿ ಅಂಗಿ ಎತ್ತಿ ತೋರಿಸಿದ್ದ, ಹೊಕ್ಕುಳ ಪಕ್ಕದಲ್ಲಿ ಒಂದು ಕೆಂಪು ಬಾಯಿ, ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಚೀಲ, ಒಳಗೆ ಬೆಚ್ಚಗೆ ಹಳದಿ ನೀರು ಅಲುಗುತ್ತಿತ್ತು, ಅಭ್ಯಾಸ ಆಗೋಯ್ತು ಗುರು, ಸ್ಟೇರಿಂಗು ತಾಗುತ್ತೆ ಅಂತ ಗಾಡಿ ಬಿಟ್ಟೆ ಅಷ್ಟೇ ಎಂದು ನಕ್ಕಿದ್ದ, ನಗುವಾಗ ಆ ಬಾಯಿಯೂ ಅಲುಗಿತ್ತು, ಭೀಮರಾಜ್‌ಗೆ ಅಂದು ಸಂಜೆ ಊಟ ಇಳಿಯಲಿಲ್ಲ. ಅದು ಬೇಡ, ಏನಾದರೂ ಆಗಲಿ ಅದೊಂದು ಬೇಡ, ಆರು ವಾರ ಆರು ಸೀಸೆ, ಆಮೇಲೆ ಒಳಗೆ ಕೊಳವೆ ಬಿಟ್ಟು ನೋಡ್ತೀವಿ ಎಂದಿದ್ದರು, ನಾಲ್ಕು ಸರಿಯಾಗಿ ಮುಗಿದಿದ್ದವು, ಐದನೆಯದಕ್ಕೆ ಎಲ್ಲೆಲ್ಲೂ ಔಷಧವೇ ಇಲ್ಲ, ತಯಾರಾಗ್ತಿಲ್ವಂತೆ, ಎಲ್ಲಾ ದೇಶದಲ್ಲೂ ಇಲ್ವಂತೆ ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದ್ದಳು, ಮೂರು ವಾರ ಕಾಯಿಸಿ ನಿನ್ನೆ ಮತ್ತೆ ಫೋನು, ಬನ್ನಿ, ಒಂದು ಬಂದಿದೆ.

ಒಂದು ಬಂದಿದೆ, ಆ ಒಂದು ಎನ್ನುವುದನ್ನು ಅವನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡೂ ಬಿಟ್ಟ. ಬೆಳಗ್ಗೆ ದೊಡ್ಡಬಳ್ಳಾಪುರದ ಮನೆಯಲ್ಲಿ, ಪ್ರಮೋದಾ ಮೊದಲ ಪಾಳಿಗೆಂದು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿಗೆ ಹೊರಟ ಮೇಲೆ — ಇವತ್ತು ರಜೆ ಕೇಳಿದ್ರೆ ಸೂಪರ್ವೈಸರು ತಿಂದ್ಹಾಕ್ಬಿಡ್ತಾನೆ ರೀ, ಒಬ್ರೇ ಹೋಗಿ ಬಂದ್ಬಿಡ್ತೀರಾ — ಅವಳು ಹೊರಟ ಮೇಲೆ ಬಚ್ಚಲಿಗೆ ಹೋದರೆ ಮೊದಲು ಹಳದಿ, ಆಮೇಲೆ ಕೊನೆಯಲ್ಲಿ ಒಂದು ಎಳೆ, ಕೆಂಪು ನೂಲಿನ ಎಳೆಯ ಹಾಗೆ, ಬಿಳಿ ಬೇಸಿನ್ನಿನ ಮೇಲೆ ಸುತ್ತಿಕೊಂಡು ನಿಂತಿತು, ಅವನೂ ನಿಂತ, ನೀರು ಸುರಿಯಲು ಕೈ ಬರಲಿಲ್ಲ. ರಕ್ತ ಕಂಡ್ರೆ ಆ ದಿನ ಔಷಧ ಹಾಕೋ ಹಾಗಿಲ್ಲ, ನೆನಪಿರಲಿ, ಗಾಯ ಇದ್ರೆ ಹುಳ ರಕ್ತಕ್ಕಿಳಿದುಬಿಡುತ್ತೆ, ಸಾಧು ಅಂದ್ರೂ ಅದು ಹುಳಾನೇ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು, ನೆನಪಿಲ್ಲದೆ ಏನು, ಚೆನ್ನಾಗಿ ನೆನಪಿತ್ತು. ಆದರೆ ಇಪ್ಪತ್ತಾರು ವರ್ಷ ದೊಡ್ಡಬಳ್ಳಾಪುರದ ಬಣ್ಣದ ಮನೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕಿದವನು ಅವನು, ಕುದಿಯುವ ತೊಟ್ಟಿಯೊಳಗೆ ಬರಿಗೈಯಲ್ಲಿ ನೂಲಿನ ಲಡಿ ಅದ್ದಿ ತೆಗೆದವನು, ಕೈಗವಸು ಹಾಕಿದರೆ ನೂಲು ಬಣ್ಣ ಕುಡಿದದ್ದು ಬೆರಳಿಗೆ ತಿಳಿಯುವುದಿಲ್ಲ ಎಂದು ಬಿಸಾಡಿದವನು, ಯಾವ ಕೆಂಪಿಗೆ ಎಷ್ಟು ನೀರು ಬಿದ್ದರೆ ದಾಳಿಂಬೆ, ಎಷ್ಟು ಬಿದ್ದರೆ ತಾವರೆ, ಎಷ್ಟು ಬಿದ್ದರೆ ಕೆಂಪು ಇದೆಯೆಂದೇ ತಿಳಿಯದು, ಇದನ್ನು ಅವನಿಗಿಂತ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಲೀಟರಿನ ನೀರಿನ ಬಾಟಲಿ ಕೊಂಡ, ದೇವನಹಳ್ಳಿ ಬರುವಷ್ಟರಲ್ಲಿ ಗಟಗಟ ಮುಗಿಸಿದ, ನೀರು ಕಡಿಮೆ ಕುಡಿದು ಬನ್ನಿ ಎಂದಿದ್ದರು, ಇರಲಿ, ಇಳಿದು ಒಮ್ಮೆ ಹೋದ, ಆಸ್ಪತ್ರೆಯ ಗೇಟಿನ ಪಕ್ಕ ಇನ್ನೊಮ್ಮೆ ಹೋದ, ಮೂರನೆಯ ಸಲ ಸಿಸ್ಟರ್ ಕೊಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಹಿಡಿದಾಗ ಬಾವಿಯ ನೀರಿನ ಹಾಗೆ ತಿಳಿ, ಅವಳು ಬೆಳಕಿಗೆ ಎತ್ತಿ ನೋಡಿದಳು, ಅವನೂ ನೋಡಿದ, ಅವಳಿಗೆ ಕಾಣಲಿಲ್ಲ, ಅವನಿಗೆ ಕಂಡಿತು, ಲೋಟದ ತಳದಲ್ಲಿ ಆ ಕೆಂಪಿನ ಕೊನೆಯ ಉಸಿರು, ಬಣ್ಣದವನ ಕಣ್ಣಿಗೆ ಮಾತ್ರ ಕಾಣುವಷ್ಟು. ಜ್ವರ ಏನಾದ್ರೂ ಬಂದಿತ್ತಾ. ಇಲ್ಲ ಸಿಸ್ಟರ್. ರಕ್ತ ಕಾಣಿಸ್ತಾ. ಇಲ್ಲ. ಸರಿಯಾಗಿ ನೋಡಿದ್ರಾ. ಕಾಣಿಸ್ಲಿಲ್ಲ ಸಿಸ್ಟರ್, ನೋಡ್ದೆ.

ಅಷ್ಟು ಹೊತ್ತೂ ಮುನಿಗಂಗಮ್ಮ ಅಲ್ಲೇ ಬೆಂಚಿನಲ್ಲಿ ಕೂತಿದ್ದಳು, ವಿಜಯಪುರದ ಮುದುಕಿ, ಗೂಡು ಬೇಯಿಸಿ ರೇಷ್ಮೆ ಎಳೆ ಬಿಚ್ಚುವ ಕೆಲಸದಲ್ಲಿ ನಲವತ್ತು ವರ್ಷ ಕಳೆದವಳು, ಅವಳಿಗೂ ಅದೇ ಕಾಯಿಲೆ, ಅದೇ ಔಷಧ, ಅವಳದು ಮೂರು ಮುಗಿದಿತ್ತು, ಅವಳನ್ನೂ ಬನ್ನಿ ಎಂದು ಕರೆಸಿದ್ದರು, ಬೆಳಗ್ಗೆ ಇನ್ನೊಂದೂ ಬರುತ್ತದೆ ಎಂದುಕೊಂಡಿದ್ದರು, ಬರಲಿಲ್ಲ, ಐಸ್ ಡಬ್ಬಿಯಲ್ಲಿ ಇದ್ದದ್ದು ಒಂದೇ. ಸಿಸ್ಟರ್ ಲೋಟ ಕೊಡುವ ಮೊದಲೇ ಡಾಕ್ಟರು ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದರು, ಇರೋದು ಒಂದೇ ಸೀಸೆ, ಸರದಿ ಪ್ರಕಾರ ಭೀಮರಾಜ್‌ದು, ಅವರಿಗೇನಾದ್ರೂ ಜ್ವರ, ರಕ್ತ ಇದ್ರೆ ನಿಮಗೆ ಹಾಕ್ತೀನಿ ಅಮ್ಮ, ನಿಮಗಂತೂ ಇನ್ನು ತಡ ಮಾಡೋ ಹಾಗಿಲ್ಲ, ಆದ್ರೆ ಸರದಿ ಮೀರೋದೂ ತಪ್ಪು. ಮುದುಕಿ, ಇಬ್ಬರ್ಗೂ ಅರ್ಧರ್ಧ ಹಾಕ್ಬುಡಿ ಸ್ವಾಮಿ, ನಾನೂ ಇವನೂ ಹಂಚ್ಕೊತ್ತೀವಿ ಎಂದಳು, ಗುಕ್ಕು ಮುದ್ದೆ ಹಂಚಿಕೊಳ್ಳುವಷ್ಟು ಸಲೀಸಾಗಿ, ಮತ್ತು ಆ ಕ್ಷಣ ಭೀಮರಾಜ್‌ನ ಎದೆ ಹೊಡೆದುಕೊಂಡದ್ದು ಡಾಕ್ಟರು ಹ್ಞೂ ಅಂದುಬಿಟ್ಟಾರೆಂದು, ಅದಕ್ಕೇ, ಬೇರೆ ಯಾವುದಕ್ಕೂ ಅಲ್ಲ. ಅರ್ಧ ಹಾಕಿ ಇಬ್ಬರದ್ದೂ ಅರೆಬರೆ ಮಾಡೋಕೆ ನನಗೆ ಧೈರ್ಯ ಇಲ್ಲಮ್ಮ, ನಿಮ್ಮಿಬ್ಬರದ್ದೂ ಜೋರಿನ ಗಡ್ಡೆ ಎಂದರು ಡಾಕ್ಟರು, ಅವನ ಉಸಿರು ಇಳಿಯಿತು. ಅಂಥ ಮುದುಕಿ ಈಗ ಬಾಗಿಲಲ್ಲಿ ನಿಂತಿದ್ದಾಳೆ, ಒಳಗೆ ಬರ್ಲೇನಪ್ಪ, ಸೊಸೆ ಏರ್ಪೋರ್ಟಿನ ಕಸಗುಡಿಸೋ ಕೆಲ್ಸದಿಂದ ಬರೋದು ಹನ್ನೆರಡಕ್ಕೆ, ಅಲ್ಲೀಗಂಟ ಆಚೆ ಸೆಕೆ ಎಂದು, ಅವನು ಬೇಡ ಎನ್ನುವುದು ಹೇಗೆ, ಬಂದಳು, ಬಂದು ಆ ಹಸಿರು ಹಾಸಿನ ಮಂಚದ ಅಂಚಿನಲ್ಲೇ ಕೂತಳು, ಅವಳಿಗೆಂದೇ ಹಾಸಿದ ಮಂಚದಲ್ಲಿ. ಎಷ್ಟೊತ್ತಾಯ್ತು. ಕಾಲು ಗಂಟೆ ಆಗ್ತಾ ಬಂತು ಅಕ್ಕ. ಹಂಗಾರೆ ತಿರುಗು, ಅಂಗಾತ ಆಗು, ನಾನು ಎಣಿಸ್ತೀನಿ, ನಿಂಗ್ಯಾಕೆ ಆ ತಲೆನೋವು, ನೀನು ಹಿಡ್ಕೊಳೋದು ನೋಡು. ಅವಳು ಬಲಗೈ ಹೆಬ್ಬೆರಳು ಮಡಚಿ ಒಂದು ಎಂದಳು.

ಬಿಸಿ ನೀರಿನಲ್ಲಿ ಗೂಡು ತಿರುವಿ ತಿರುವಿ ಅವಳ ಬೆರಳ ತುದಿಗಳು ಬೆಳ್ಳಗೆ ಬೆಂದು ಗೆರೆಗಳೇ ಇಲ್ಲವಾಗಿದ್ದವು, ಅವನ ಬೆರಳ ಸಂದಿಯಲ್ಲಿ ಇನ್ನೂ ಹೋಗದ ನೀಲಿ, ಅವಳು ಅದನ್ನು ನೋಡಿ, ಬಣ್ಣದೋರ ಕೈ ಸತ್ತರೂ ಗೊತ್ತಾಗ್ತದೆ ಬಿಡು ಎಂದಳು, ಮಾತು ನಿಲ್ಲಿಸಬಾರದೆ ಈಕೆ, ಮಾತಾಡಿದಷ್ಟೂ ಒಳಗೆ ಸೀಳುತ್ತದೆ, ಎರಡು ಲೀಟರು ನೀರು ಈಗ ಒಂದೊಂದೇ ಹನಿಯಾಗಿ ಇಳಿದು ಬರುತ್ತಿದೆ, ಕದ್ದು ಕುಡಿದ ನೀರು, ತಡೆಯುವವರು ಯಾರು. ನಮ್ಮೂರಾಗೆ ಹುಳ ಅಂದ್ರೆ ಅನ್ನ ಕಣಪ್ಪ, ರೇಷ್ಮೆ ಹುಳ ಪೊರೆ ಬಿಡೋಕೆ ನಾಕನೇ ಜ್ವರಕ್ಕೆ ಕೂತಾಗ ಮನೇಲಿ ಯಾರೂ ಗಟ್ಟಿಯಾಗಿ ಮಾತಾಡಂಗಿಲ್ಲ, ಈ ಡಾಕ್ಟ್ರು ಹುಳ ಬಿಡ್ತೀನಿ ಅಂದಾಗ ನಾನು ಹೆದರ್ಲೇ ಇಲ್ಲ, ಸಾಕಿದೋಳಿಗೆ ಹುಳದ ಭಯ ಏನು, ನನ್ ಪಾಲಿನ ಹುಳ ಇನ್ನೊಂದ್ವಾರಕ್ಕೆ ಬತ್ತದಂತೆ, ಬರ್ಲಿ ಬಿಡು — ತಿರುಗು, ಎರಡಾಯ್ತು, ಎಡಕ್ಕೆ. ಎಡಕ್ಕೆ ತಿರುಗಿದರೆ ಗೋಡೆ, ಅವಳ ಮುಖ ಕಾಣುವುದಿಲ್ಲ, ಬದುಕಿದೆ, ಅವಳ ಧ್ವನಿ ಮಾತ್ರ, ಧ್ವನಿ ಅಮ್ಮನದಲ್ಲ, ಅಮ್ಮನದು ಇನ್ನೂ ಸಣ್ಣ ಧ್ವನಿ, ಹಿತ್ತಿಲ ಕೊಟ್ಟಿಗೆಯ ಪಕ್ಕದ ಮಾಡಿನಿಂದ ಬರುತ್ತಿದ್ದ ಧ್ವನಿ, ಬೀಮಾ, ನೀರು ಕೊಟ್ಟೋಗೋ. ಅವನು ಆಗ ಎಂಟೋ ಒಂಬತ್ತೋ ವರ್ಷದವನು, ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರು ಎಳೆದುಕೊಂಡು ಬಿಗಿ ಹಿಡಿದು ಚೊಂಬು ಇಟ್ಟು ಓಡಿ ಬರುತ್ತಿದ್ದ, ಅಂಗಳದಾಚೆ ಬಂದು ಉಸಿರು ಬಿಡುತ್ತಿದ್ದ, ನಲವತ್ತು ಎಣಿಸುವವರೆಗೆ ಉಸಿರು ಹಿಡಿಯಬಲ್ಲವನು ಬೀದಿಯಲ್ಲಿ ಅವನೊಬ್ಬನೇ, ಹಿಡಿಯುವುದು ಕಲಿತದ್ದು ಅಲ್ಲೇ, ಅವಳ ಕೆಮ್ಮಿನ ಹುಳ ತನ್ನೊಳಗೆ ಹೋಗಬಾರದೆಂದು, ಈಗ ಅದೇ ಕುಲದ ಹುಳವನ್ನು ಒಳಗೆ ತುಂಬಿಕೊಂಡು ಹೋಗಬೇಡಿ ಹೋಗಬೇಡಿ ಎಂದು ಹಿಡಿದು ಮಲಗಿದ್ದಾನೆ. ಅಮ್ಮನ ಹೆಸರು ಪಾಪಮ್ಮ. ಬೆಳಕು ಹರಿಯುವ ಮೊದಲೇ ಎದ್ದು ಬಾವಿಯ ಹತ್ತಿರ ಸೆರಗಿನ ತುದಿ ಉಜ್ಜುತ್ತಿದ್ದಳು, ಒಂದು ದಿನ ಅವನು ಒಂದಕ್ಕೆಂದು ಎದ್ದು ಬಂದು ಕಂಡ, ಕಲ್ಲಿನ ಮೇಲೆ ನೀರು ಕೆಂಪಾಗಿ ಹರಿಯುತ್ತಿತ್ತು, ಅವಳು ತಿರುಗಿ ನೋಡಿ ಬೆಚ್ಚಿದಳು, ಹತ್ತಿರ ಬರಬೇಡ ಎನ್ನುವ ಹಾಗೆ ಕೈ ಎತ್ತಿ, ಯಾರಿಗೂ ಹೇಳ್ಬ್ಯಾಡ ಮಗ, ರಕ್ತ ಅಂದ್ರೆ ಆಸ್ಪತ್ರೆಗೆ ಸೇರಿಸ್ಬುಡ್ತಾರೆ, ನಿನ್ನ ನೋಡೋಕಾಗಲ್ಲ ನಂಗೆ ಎಂದಳು, ಅವನು ತಲೆಯಾಡಿಸಿದ, ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ, ಸೂಲಿಬೆಲೆಯಿಂದ ಬಂದ ಸೋದರಮಾವ ಕೇಳಿದಾಗಲೂ ಹೇಳಲಿಲ್ಲ, ಅವಳಿಗೆ ಮಾತ್ರೆ ಸೂಜಿ ಸಿಗುವ ಕಾಲಕ್ಕೆ ಅವಳು ಅರ್ಧ ಸೀರೆಯಷ್ಟೂ ಇರಲಿಲ್ಲ, ಯುಗಾದಿಗೆ ಮೊದಲು ಹೋದಳು. ಎಷ್ಟು ಒಳ್ಳೆ ಮಗ, ಹೇಳು ಅಂದಿದ್ದನ್ನು ಹೇಳಲಿಲ್ಲ, ಅಲ್ಲ, ಹೇಳಬೇಡ ಅಂದಿದ್ದನ್ನು — ಯಾವುದೋ ಒಂದು, ತಲೆ ಸರಿಯಾಗಿ ಓಡುತ್ತಿಲ್ಲ. ಮೂರಾಯ್ತು ಬೀಮಣ್ಣ, ಬೋರಲಾಗು. ಬೋರಲಾದರೆ ಮಂಚವೇ ಒಳಗೆ ಒತ್ತುತ್ತದೆ, ದಿಂಬಿಗೆ ಹಲ್ಲು ಕಚ್ಚಿದ, ದಿಂಬಿನಲ್ಲಿ ಫಿನಾಯಿಲ್ ವಾಸನೆ, ಹಿಡೀರಪ್ಪ, ಗೋಡೆ ಹಿಡೀರಿ, ಇನ್ನರ್ಧ ದಾರಿ.

ನಾಲ್ಕು ಎಂದು ಅವಳು ಹೇಳಿದ್ದು ಕೇಳಿಸಿತು, ಬಲಕ್ಕೆ ತಿರುಗಿದ, ತಿರುಗುವಾಗ ಮೊದಲ ಸಲ ಬೆನ್ನಿನ ಮೇಲೆ ಯಾರೋ ತಣ್ಣೀರು ಎರೆದ ಹಾಗೆ, ಫ್ಯಾನು ಜೋರಾಗಿದೆ, ಫ್ಯಾನೇ ಇರಬೇಕು, ಹೊದಿಕೆ ಎಳೆದುಕೊಂಡ, ಹಲ್ಲು ಒಂದಕ್ಕೊಂದು ತಾಗಿತು, ಒಮ್ಮೆ, ಮತ್ತೊಮ್ಮೆ, ತಡೆದರೂ ತಾಗಿತು, ಅಲ್ಲ, ಫ್ಯಾನಲ್ಲ, ಅವನಿಗೆ ಗೊತ್ತಾಯಿತು, ಗೊತ್ತಾದದ್ದನ್ನು ಮತ್ತೆ ಗೊತ್ತಿಲ್ಲದ ಹಾಗೆ ಮಾಡಲು ನೋಡಿದ, ಆ ಕೆಂಪು ಎಳೆ ಬಂದ ಗಾಯದ ಬಾಯಿಯಿಂದ ಅವು ಒಳಗೆ ನುಗ್ಗುತ್ತಿವೆ, ರಕ್ತಕ್ಕಿಳಿದು, ಎದೆಗೆ, ಈಲಿಗೆ, ತಲೆಗೆ, ಸಾಧು ಮಾಡಿದ ಹುಳ ಹಗ್ಗ ಕಿತ್ತುಕೊಂಡಿವೆ, ಕರೆಯಬೇಕು, ಸಿಸ್ಟರನ್ನು ಕರೆಯಬೇಕು, ಕರೆದರೆ ಈಗಲೇ ಹೊರಗೆ ತೆಗೆದುಬಿಡುತ್ತಾರೆ, ಒಂದು ಗಂಟೆ ಹಿಡಿದದ್ದೆಲ್ಲ ನೆಲಕ್ಕೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಈ ಮುದುಕಿಯ ಎದುರೇ, ಇನ್ನೊಂದು ಗಂಟೆ, ಒಂದೇ ಗಂಟೆ ಹಿಡಿದರೆ ಕೆಲಸ ಮುಗಿದಿರುತ್ತದೆ, ಜ್ವರ ಬಂದರೆ ಬರಲಿ, ಹೋದ ಸಲವೂ ಸಂಜೆ ಮೈ ಬಿಸಿಯಾಗಿತ್ತು, ಒಂದು ಮಾತ್ರೆಗೆ ಇಳಿದಿತ್ತು, ಇದೂ ಅಷ್ಟೇ, ಇದೂ ಅಷ್ಟೇ — ಆದರೆ ಮಂಚ ಅಲುಗುತ್ತಿದೆ, ತಾನು ಅಲುಗಿಸುತ್ತಿಲ್ಲ, ಮಂಚ ತಾನಾಗಿ ಅಲುಗುತ್ತಿದೆ, ವಿಮಾನವೂ ಇಲ್ಲ. ಪ್ರಮೋದಾ ಈಗ ಮಿಷನ್ನಿನ ಮುಂದೆ ಕೂತು ಕಾಲರು ಹೊಲಿಯುತ್ತಿರುತ್ತಾಳೆ, ಫೋನು ಗೇಟಿನಲ್ಲಿ ಒಪ್ಪಿಸಿರುತ್ತಾಳೆ, ಪ್ರತಿ ಮಂಗಳವಾರ ಅವನು ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಹುಳ ಸಾಯಲೆಂದು ಬ್ಲೀಚಿಂಗ್ ಸುರಿದು ಮೂಗು ಮುಚ್ಚಿಕೊಂಡು ಉಜ್ಜುವವಳು, ಒಂದು ದಿನವೂ ಮುಖ ಸಿಂಡರಿಸದವಳು, ಅವಳು ಬೆಳಗ್ಗೆ ಕೇಳಿದ್ದಳಲ್ಲ, ಚೆನ್ನಾಗಿದೀರಾ ಎಂದು, ಚೆನ್ನಾಗಿದೀನಿ ಹೋಗು ಎಂದಿದ್ದ, ಅದು ಸುಳ್ಳಲ್ಲ, ಅದು ರಕ್ತ ಕಾಣುವ ಮೊದಲು, ಅದೊಂದು ಸುಳ್ಳಲ್ಲ. ಏನಪ್ಪಾ, ಯಾಕೆ ನಡುಗ್ತೀಯಾ, ಮುದುಕಿ ಎದ್ದು ಬಂದಿದ್ದಳು, ಎಡಗೈಯ ಹಿಂಬದಿ ಅವನ ಹಣೆಗಿಟ್ಟಳು, ಬಲಗೈಯಲ್ಲಿ ಎಣಿಕೆ ಇತ್ತು, ನಾಲ್ಕು ಬೆರಳು ಮಡಚಿ ಕಿರುಬೆರಳು ಒಂದೇ ನಿಂತಿತ್ತು, ಅಯ್ಯೋ ಮೈ ಕೆಂಡ ಆಗೈತಲ್ಲೋ, ಚಳಿನೂ ಹಿಡ್ದೈತಾ. ಏನಿಲ್ಲ ಅಕ್ಕ, ಫ್ಯಾನು. ಫ್ಯಾನಾ, ಫ್ಯಾನು ತಿರುಗ್ತಾನೇ ಇಲ್ವಲ್ಲೋ, ಕರೆಂಟೋಗಿ ಎಷ್ಟೊತ್ತಾಯ್ತು. ಅವನು ಕಣ್ಣು ಬಿಟ್ಟು ಮೇಲೆ ನೋಡಿದ, ಫ್ಯಾನು ನಿಂತಿತ್ತು, ಮೂರು ರೆಕ್ಕೆ, ಒಂದೊಂದರ ಅಂಚಿಗೂ ಕಪ್ಪು ಧೂಳು. ಹೊತ್ತಾಯ್ತು, ಅಂಗಾತ ಆಗು, ಐದು ಎಂದು ಅವಳು ಕಿರುಬೆರಳನ್ನೂ ಮಡಚಿದಳು, ಇನ್ ಮೂರೇ ಕಣಪ್ಪ, ನೀನು ಹಿಡ್ಕೋ, ನಾನು ಸಿಸ್ಟ್ರನ್ನ ಕರೀತೀನಿ, ಜ್ವರಕ್ಕೆ ಏನಾರ ಕೊಡ್ಲಿ, ಔಷ್ದಿ ಮಾತ್ರ ಬಿಟ್ಬುಡಬ್ಯಾಡ, ಅಷ್ಟು ಕಷ್ಟಪಟ್ಟು ಬಂದಿರೋ ಔಷ್ದಿ, ದಂಡ ಆಗ್ಬಾರ್ದು.

ದಂಡ ಆಗಬಾರದು ಎಂದಳು, ತನಗೆ ಸಿಗಬೇಕಿದ್ದದ್ದು ಅವನೊಳಗೆ ದಂಡವಾಗಬಾರದು ಎಂದಳು, ಅವಳಿಗೆ ಗೊತ್ತಿಲ್ಲದೆ ಎಂದಳು, ಅವಳು ಬಾಗಿಲ ಕಡೆ ತಿರುಗಿದ್ದಳು, ಆಗ ಅವನ ಬಾಯಿಂದ ಬಂದದ್ದು ಅವನು ಯೋಚಿಸಿ ಆಡಿದ ಮಾತಲ್ಲ, ಉಸಿರು ಹಿಡಿದು ಹಿಡಿದು ನಲವತ್ತು ದಾಟಿದ ಮೇಲೆ ಎದೆ ತಾನಾಗಿ ಬಿಟ್ಟುಕೊಳ್ಳುತ್ತದಲ್ಲ ಹಾಗೆ, ಅಕ್ಕ, ಬೆಳಗ್ಗೆ ರಕ್ತ ಬಂದಿತ್ತು. ಅವಳು ನಿಂತಳು. ಏನಂದೆ. ರಕ್ತ ಬಂದಿತ್ತು, ನೀರು ಕುಡಿದು ತೊಳೆದ್ಬಿಟ್ಟೆ, ಸಿಸ್ಟರ್ ಕೇಳಿದಾಗ ಇಲ್ಲ ಅಂದೆ, ಅದು ನಿಮಗೆ ಬರ್ಬೇಕಿತ್ತು, ನಿಮ್ಮದು ಅಕ್ಕ ಅದು. ಅಷ್ಟು ಹೇಳುವಷ್ಟರಲ್ಲಿ ಹಲ್ಲು ಕಟಕಟನೆ ಹೊಡೆದು ನಾಲಿಗೆ ಕಚ್ಚಿತು, ಕೆಳಗೆ ಬಿಗಿ ಹಿಡಿದದ್ದು ಬಿಟ್ಟುಹೋಯಿತು, ಬೆಚ್ಚಗೆ, ತೊಡೆಗೆ, ಹಾಸಿಗೆಗೆ, ತಡೆಯಲು ಕೂಡ ನೋಡಲಿಲ್ಲ. ಅವಳು ಕೂಗಿದಳು, ಅವನಿಗೆ ಬಯ್ಯುತ್ತಾಳೆ ಎಂದುಕೊಂಡ, ಅಲ್ಲ, ಸಿಸ್ಟ್ರೇ ಓಡ್ಬನ್ನಿ ಎಂದು ಕೂಗಿದಳು, ಆಮೇಲೆ ಕಾಲು ಸಪ್ಪಳ, ಪರದೆ ಸರಿದ ಸದ್ದು, ಶಾಮಲಾ ಸಿಸ್ಟರಿನ ಮುಖ ಬಿಳಿಚಿಕೊಂಡದ್ದು, ಮತ್ತೆ ಟ್ಯೂಬು, ಈಗ ಹರಿದು ಬಂದದ್ದು ಮಬ್ಬು ನೀರಲ್ಲ, ದಾಳಿಂಬೆ, ಒಳ್ಳೆ ಗಟ್ಟಿ ದಾಳಿಂಬೆ ಬಣ್ಣ, ಯಾವ ನೀರಿಗೂ ಅಡಗದ್ದು, ಡಾಕ್ಟರು ಹೊರರೋಗಿಗಳನ್ನು ಬಿಟ್ಟು ಬಂದರು, ಕೈಗೆ ಸೂಜಿ ಹೋಯಿತು, ಮೇಲೆ ಬಾಟಲಿ ತೂಗಿತು, ಡಾಕ್ಟರು ಬಯ್ಯಲಿಲ್ಲ, ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದರು, ಕೊನೆಗೆ ಬಗ್ಗಿ ಅವನ ಕಿವಿಯ ಹತ್ತಿರ, ಹೇಳದೆ ಹಾಗೇ ಮನೆಗೆ ಹೋಗಿದ್ರೆ ನಾಳೆ ಬೆಳಗ್ಗೆ ಹೊತ್ತಿಗೆ ನೀವು ಇರ್ತಿರ್ಲಿಲ್ಲ ಭೀಮರಾಜ್, ಈಗ ಉಳ್ಕೊಳ್ತೀರ, ಬೆಂಗಳೂರಿಗೆ ಕಳಿಸ್ತಾ ಇದೀನಿ, ಕ್ಷಯದ ಮಾತ್ರೆ ಆರು ತಿಂಗಳು ನುಂಗಬೇಕು, ಮತ್ತೆ ಈ ಔಷಧ ನಿಮಗೆ ಯಾವತ್ತೂ ಹಾಕೋ ಹಾಗಿಲ್ಲ, ಚೇತರಿಸ್ಕೊಂಡ ಮೇಲೆ ಚೀಲ ತೆಗೀಲೇಬೇಕು, ಬೇರೆ ದಾರಿ ಇಲ್ಲ. ಕ್ಷಯದ ಮಾತ್ರೆ, ಅಮ್ಮನಿಗೆ ತಡವಾಗಿ ಬಂದದ್ದು, ತನಗೆ ಹೊತ್ತಿಗೆ ಬಂದಿದೆ, ಸಿಸ್ಟರ್ ನಾಲಿಗೆಯ ಮೇಲೆ ಇಟ್ಟಳು, ಕಹಿ, ನುಂಗಿದ. ಆ ಔಷಧ ಸ್ವಾಮಿ, ಅವರಿಗೆ, ಎಂದು ಕೇಳಲು ನೋಡಿದ, ಡಾಕ್ಟರು ಅವನು ಏನು ಕೇಳುತ್ತಿದ್ದಾನೆಂದು ತಿಳಿದು ತಲೆ ಅಲ್ಲಾಡಿಸಿದರು, ಇನ್ನೊಂದು ವಾರಕ್ಕೆ ಬಂದರೆ ಬಂತು, ಗೊತ್ತಿಲ್ಲ ನನಗೆ.

ಆಂಬುಲೆನ್ಸ್ ಬರುವವರೆಗೆ ಅವಳು ಹೋಗಲಿಲ್ಲ, ಹೋಗಬೇಕಿತ್ತು, ಸೊಸೆ ಬಂದು ಬಾಗಿಲಲ್ಲಿ ನಿಂತು ನಡೀರಿ ಅತ್ತೆ ಬಸ್ಸು ಹೊಂಟೋಯ್ತದೆ ಎಂದು ಎರಡು ಸಲ ಕರೆದಳು, ಇವಳು ಆ ಹಸಿರು ಮಂಚದಿಂದ ಏಳಲಿಲ್ಲ, ಅವನು ಕಣ್ಣು ಮುಚ್ಚಿ ತೆರೆದಾಗಲೆಲ್ಲ ಅಲ್ಲೇ ಇದ್ದಳು, ಬಯ್ಯಬಾರದೆ, ಉಗಿಯಬಾರದೆ, ಸಾಯೋ ಎನ್ನಬಾರದೆ, ಏನಾದರೂ ಒಂದು ಅಂದರೆ ಅವನು ಅದನ್ನು ಹಿಡಿದುಕೊಂಡು ಹೋಗಬಹುದಿತ್ತು, ಅವಳು ಒಂದೇ ಒಂದು ಕೇಳಿದಳು, ಬೆಳಗ್ಗೇನೇ ನೋಡಿದ್ಯಾ. ನೋಡ್ದೆ ಅಕ್ಕ. ನಾನು ಅರ್ಧರ್ಧ ಅಂದಾಗ್ಲೂ ಗೊತ್ತಿತ್ತಾ. ಗೊತ್ತಿತ್ತು. ಅವಳು ಎಡಗೈಯಿಂದ ಸೆರಗು ತೆಗೆದು ಅವನ ಕುತ್ತಿಗೆಯ ಬೆವರು ಒರೆಸಿದಳು, ಒರೆಸುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು, ಅವಳ ಬಲಗೈ ತೊಡೆಯ ಮೇಲಿತ್ತು, ಐದು ಬೆರಳೂ ಮಡಚಿಕೊಂಡು, ಅವನು ಹೇಳುವ ಮೊದಲು ಹೇಗೆ ಮಡಚಿದ್ದಳೋ ಹಾಗೇ. ಇಬ್ಬರು ಬಂದು ಹಾಸಿನ ಸಮೇತ ಅವನನ್ನು ಎತ್ತಿದರು, ಒಬ್ಬ ತಲೆಯ ಕಡೆ ಒಬ್ಬ ಕಾಲ ಕಡೆ, ಪ್ರಮೋದಾಗೆ ಯಾರು ಹೇಳುತ್ತಾರೆ, ನಿಮ್ಮ ಮನೆಯೋರ ನಂಬರ್ ಹೇಳಿ ಎಂದು ಸಿಸ್ಟರ್ ಜೊತೆಜೊತೆಗೇ ನಡೆಯುತ್ತಿದ್ದಾಳೆ, ಅವನು ಅಂಕಿಗಳನ್ನು ಹೇಳುತ್ತಿದ್ದಾನೆ, ಒಂಬತ್ತು ನಾಲ್ಕು ನಾಲ್ಕು, ಆಮೇಲೆ ಏನು, ಆಮೇಲಿನ ಅಂಕಿ ಬರುತ್ತಿಲ್ಲ, ನಾಲ್ಕು, ನಾಲ್ಕಾದ ಮೇಲೆ ಐದು, ಐದು ಎಂದಾಗ ಕಿರುಬೆರಳು ಮಡಚಿತ್ತು, ಬೆಂದು ಬೆಳ್ಳಗಾದ ತುದಿ ಅಂಗೈಯೊಳಗೆ ಹೋಗಿತ್ತು, ಇನ್ ಮೂರೇ ಕಣಪ್ಪ ಎಂದಿದ್ದಳು, ಮುಂದಿನ ಅಂಕಿ ಹೇಳಿ ಭೀಮರಾಜಣ್ಣ, ಬಾಗಿಲು ದಾಟುವಾಗ ತಲೆ ಓರೆ ಮಾಡಿ ನೋಡಿದ, ಸೊಸೆ ಅವಳ ತೋಳು ಹಿಡಿದು ಎಬ್ಬಿಸುತ್ತಿದ್ದಾಳೆ, ಅವಳು ಏಳುತ್ತಿದ್ದಾಳೆ, ಆ ಕೈ ಅವಳ ಪಕ್ಕಕ್ಕೆ ಜೋತುಬಿದ್ದಿದೆ, ಮಡಚಿದ ಐದು ಬೆರಳು, ಹೇಳಿ ಅಣ್ಣ, ಐದಾದ ಮೇಲೆ ಏನು, ಬಿಸಿಲು, ಆಂಬುಲೆನ್ಸಿನ ಕತ್ತಲು, ಬಾಗಿಲು ಹಾಕಿದ ಸದ್ದು, ಐದು, ಮಡಚಿದ ಐದು ಬೆರಳು, ಅವಳು ಬಿಚ್ಚಿಲ್ಲ, ಐದು ಬೆರಳು, ಇನ್ನೂ ಬಿಚ್ಚಿಲ್ಲ